ಬಾಳೆನಾರಿನ ಬಟ್ಟೆ, ಮಾವನ ಕಾಲು

ಮಾವನಿಗೆ ಆ ಬಟ್ಟೆಯನ್ನು ಕೊಡುವಾಗ ನಾನು ಏನು ಹೇಳಿದೆ ಎಂಬುದು ಈಗ ನನಗೆ ಖಚಿತವಿಲ್ಲ. “ಡಾಕ್ಟ್ರ್ ಹೇಳಿದ್ದ್ ಬಿಡ್ಬೇಡಿ, ಇದ್ ಬರೀ ಬಟ್ಟೆ” ಎಂದು ಹೇಳಿದೆ ಅಂತ ನನ್ನ ನೆನಪು. ಆದರೆ ಆ ನೆನಪಿನಲ್ಲಿ ನಾನು ತೀರಾ ಸಮಾಧಾನದಿಂದ, ತೀರಾ ಸರಿಯಾಗಿ ಮಾತಾಡುತ್ತೇನೆ. ನಿಜವಾಗಿ ಆಡಿದ ಮಾತು ಅಷ್ಟು ಇಸ್ತ್ರಿ ಹಾಕಿದಂತೆ ಇರುವುದಿಲ್ಲ. ಅಮ್ಮನನ್ನು ಕೇಳಿದರೆ, “ಹದ್ನೈದ್ ದಿನ ಕಟ್ಟಿ ಕಾಂಬ, ಆಮೇಲೆ ಡಾಕ್ಟ್ರ್ ಹತ್ರ ಹೋಪ ಅಂದದ್ದ್ ನೀನೇ” ಎನ್ನುತ್ತಾಳೆ. ಅಂದರೆ ಮೊದಲು ಕಟ್ಟಿ ನೋಡೋಣ, ಡಾಕ್ಟರು ಆಮೇಲೆ. ಅಮ್ಮನ ನೆನಪೂ ಅಷ್ಟೇನೂ ಗಟ್ಟಿಯಲ್ಲ. ಆದರೆ ಅವಳಿಗೆ ನನ್ನ ಹಾಗೆ ತಪ್ಪಿಸಿಕೊಳ್ಳುವ ಅಗತ್ಯವಿಲ್ಲ. ಮಾವನ ಬಲಗಾಲು ಉಳಿಯುತ್ತದೋ ಇಲ್ಲವೋ ಎಂಬುದು ಆ ಹದಿನೈದು ದಿನದ ಮೇಲೆ ನಿಂತಿತ್ತು.

ನಾನು ರಸಾಯನಶಾಸ್ತ್ರ ಓದಿದವನು. ತೊಂಬತ್ತೇಳರಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೆ ಎಂಟೊಂಬತ್ತು ವರ್ಷಗಳಲ್ಲಿ ಮೂರು ಊರು, ನಾಲ್ಕು ಕೆಲಸ. ಅವುಗಳಲ್ಲಿ ಒಂದು, ಮರದ ತಿರುಳಿನಿಂದ ನೂಲು ತೆಗೆಯುವ ಕಾರ್ಖಾನೆಯ ಪ್ರಯೋಗಾಲಯದ್ದು. ಬೇರೆಯವರು ಬರೆದು ತಂದ ಫಲಿತಾಂಶಗಳನ್ನು ನಂಬದಿರುವುದೇ ಅಲ್ಲಿ ನನ್ನ ಕೆಲಸವಾಗಿತ್ತು. ಆ ಕೆಲಸಕ್ಕೆ ನಾನು ಹೇಳಿ ಮಾಡಿಸಿದವನು ಎಂದು ಮೇಲಿನವರು ಹೇಳುತ್ತಿದ್ದರು, ಅದು ಹೊಗಳಿಕೆಯಾಗಿರಲಿಲ್ಲ. ಅದನ್ನೂ ಬಿಟ್ಟು ಕುಂದಾಪುರದ ಹತ್ತಿರ ತ್ರಾಸಿಯ ಮನೆಗೆ ಬಂದಾಗ ನನ್ನ ತಲೆಯಲ್ಲಿ ಒಂದೇ ಯೋಚನೆ. ಗೊನೆ ಕಡಿದ ಮೇಲೆ ಎಲ್ಲರೂ ಎಸೆಯುವ ಬಾಳೆಕಂಬದಲ್ಲಿ ಒಳ್ಳೆಯ ನಾರಿದೆ. ನಾರು ಎಂದರೆ ಮುಕ್ಕಾಲು ಪಾಲು ಸೆಲ್ಯುಲೋಸ್, ಹತ್ತಿಯಲ್ಲಿರುವುದೂ ಅದೇ. ಗಂಗೊಳ್ಳಿಯ ಬಂದರಿನಲ್ಲಿ ರಾಶಿ ರಾಶಿ ಚಟ್ಲಿ ಸಿಪ್ಪೆ, ಅಂದರೆ ಸಿಗಡಿಯ ಸಿಪ್ಪೆ, ಕೊಳೆಯುತ್ತದೆ. ಅದರಿಂದ ಕೈಟೋಸಾನ್ ಎಂಬ ವಸ್ತು ತೆಗೆಯಬಹುದು. ಅದು ಬ್ಯಾಕ್ಟೀರಿಯಾಗಳನ್ನು ಬೆಳೆಯಗೊಡುವುದಿಲ್ಲ, ಸೆಲ್ಯುಲೋಸಿಗೆ ಚೆನ್ನಾಗಿ ಅಂಟಿಕೊಳ್ಳುತ್ತದೆ. ಎರಡು ಕಸ ಸೇರಿಸಿದರೆ ಗಾಯಕ್ಕೆ ಕಟ್ಟುವ ಬಟ್ಟೆ. ಇದನ್ನು ಮೊದಲು ಯೋಚಿಸಿದವನು ನಾನೇನಲ್ಲ, ಪುಸ್ತಕಗಳಲ್ಲಿ ಇತ್ತು. ನಮ್ಮೂರಿನ ಬಾಳೆಯಲ್ಲಿ, ನಮ್ಮೂರಿನ ಸಿಪ್ಪೆಯಲ್ಲಿ ಆಗುತ್ತದೋ ಎಂಬುದಷ್ಟೇ ನನ್ನ ಪ್ರಶ್ನೆ.

ಗಂಗೊಳ್ಳಿಯಲ್ಲಿ ನಿಂತುಹೋದ ಒಂದು ಐಸ್ ಪ್ಲಾಂಟಿನ ಹಿಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ನೀರಿತ್ತು, ನೀರು ಹೋಗಲು ಜಾಗವಿತ್ತು, ವಾಸನೆ ಬಂದರೆ ಕೇಳುವವರಿರಲಿಲ್ಲ. ಸಿಪ್ಪೆಯನ್ನು ಆಸಿಡ್ಡಿನಲ್ಲಿ ನೆನೆಸಿದರೆ ಸೋಡಾ ಬಾಟಲಿ ತೆರೆದಂತೆ ಬುಸುಗುಟ್ಟಿ ಸುಣ್ಣದ ಅಂಶವೆಲ್ಲ ಹೋಗುತ್ತಿತ್ತು. ಆಮೇಲೆ ಕಾಸ್ಟಿಕ್ ಸೋಡಾದಲ್ಲಿ ಕುದಿಸುವುದು, ತೊಳೆಯುವುದು, ಮತ್ತೆ ಇನ್ನೂ ಗಟ್ಟಿ ಕಾಸ್ಟಿಕ್ಕಿನಲ್ಲಿ ಕುದಿಸುವುದು. ಕೊನೆಗೆ ಉಳಿಯುವ ತೆಳು ಬಿಳಿ ಚೂರುಗಳನ್ನು ವಿನೆಗರಿನಲ್ಲಿ ಕರಗಿಸಿದರೆ ಮಂದವಾದ ಒಂದು ದ್ರವ. ಬಾಳೆನಾರಿನ ಕೆಲಸ ಇದಕ್ಕಿಂತ ಸುಲಭ, ಆದರೆ ಬೆನ್ನು ಮುರಿಯುವಂಥದು. ಕಂಬದ ಒಂದೊಂದೇ ಪದರವನ್ನು ಹಲಗೆಯ ಮೇಲಿಟ್ಟು ಮೊಂಡು ಕತ್ತಿಯಿಂದ ಹೆರೆಯಬೇಕು, ನಾರನ್ನು ಬೇಯಿಸಬೇಕು, ಬಣ್ಣ ತೆಳುವಾಗುವವರೆಗೂ ತೊಳೆಯಬೇಕು. ನೆರೆಯವರೊಬ್ಬರು ಬೇಲಿಯಾಚೆಯಿಂದ, “ಹ್ವಾಯ್, ಕಂಬ ಕೊಂಡ್ಹೋಗ್. ಗೊನೆಯೂ ಕೇಂಬುದಾದ್ರೆ ಮಾತ್ರ ಈಗ್ಲೇ ಹೇಳ್ ಮಾರಾಯ” ಎನ್ನುತ್ತಿದ್ದರು. ಸಂಜೆ ಮನೆಗೆ ಬಂದರೆ ಅಮ್ಮ ಬಾವಿಕಟ್ಟೆ ದಾಟಲು ಬಿಡುತ್ತಿರಲಿಲ್ಲ. “ಮೊದ್ಲ್ ಮೀಯ್. ಎಂ.ಎಸ್ಸಿ. ವಾಸ್ನೆ ಒಳಗೆ ಬಪ್ದ್ ಬೇಡ.”

ಬ್ರಹ್ಮಾವರದ ಕಡೆಯ ಹಿರಿಯ ನೇಕಾರರೊಬ್ಬರು ಮಗ್ಗದಲ್ಲಿ ಉದ್ದಕ್ಕೆ ಹತ್ತಿ ನೂಲಿನ ಹಾಸು ಎಳೆದು, ಅಡ್ಡಕ್ಕೆ ನನ್ನ ನಾರಿನ ಹೊಕ್ಕು ಹಾಕಿ ಒಂದು ತುಂಡು ನೇಯ್ದು ಕೊಟ್ಟರು. ಅದನ್ನು ಎರಡು ಪಾಲು ಮಾಡಿದೆ. ಒಂದನ್ನು ಮನೆಯ ಹಿಂದಿನ ಜಗಲಿಯಲ್ಲಿ ಕೈಟೋಸಾನಿನ ದ್ರವದಲ್ಲಿ ಅದ್ದಿ, ಹಿಂಡಿ, ಒಣಗಿಸಿದೆ. ಇನ್ನೊಂದು ಹಾಗೆಯೇ ಇರಬೇಕು, ಹೋಲಿಸಿ ನೋಡಲಿಕ್ಕೆ. ಅಮ್ಮ ಪಕ್ಕದಲ್ಲಿ ನಿಂತು ಬಾಲ್ದಿಯೊಳಗೆ ಬಗ್ಗಿ ನೋಡಿದ್ದಳು.

“ಇದೂ ತೆಳಿಯೇ ಅಲ್ದಾ?”

ಕುಚ್ಚಲಕ್ಕಿ ಗಂಜಿಯ ತಿಳಿಯನ್ನು ನಮ್ಮಲ್ಲಿ ತೆಳಿ ಎನ್ನುತ್ತಾರೆ. ಅಪ್ಪ ಶಾಲೆಯ ಮಾಸ್ಟರಾಗಿದ್ದವರು. ಅವರ ಬಿಳಿ ಪಂಚೆಗೆ ದಿನವೂ ತೆಳಿ ಹಾಕಿ, ಬಿಸಿಲಿಗೆ ಒಣಗಿಸಿ, ಕಾಗದದಂತೆ ಮಡಿಸಿ ಕೊಡುವುದು ಅಮ್ಮನ ಕೈಕೆಲಸ. ಅಪ್ಪ ಹೋದ ಮೇಲೂ ಆ ಕೈ ನಿಂತಿರಲಿಲ್ಲ. ನನ್ನ ದ್ರವ ನಿಜಕ್ಕೂ ತೆಳಿಯಂತೆಯೇ ಕಾಣುತ್ತಿತ್ತು. “ಹೌದು, ಅದೇ ಜಾತಿ” ಎಂದು ನಾನು ನಕ್ಕಿರಬೇಕು. ವಿವರಿಸಿ ಹೇಳುವ ತಾಳ್ಮೆ ನನಗಿರಲಿಲ್ಲ.

ಕುಂದಾಪುರದ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತಿದ್ದ ಮೇಡಂ ಒಬ್ಬರು ಪರೀಕ್ಷೆ ಮಾಡಿಕೊಡಲು ಒಪ್ಪಿದ್ದರು. ಬೈಂದೂರಿನಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದವರು, ಮಾತು ಕಡಿಮೆ. ನಾನು ಎರಡೂ ತುಂಡುಗಳನ್ನು ಮೇಜಿನ ಮೇಲಿಟ್ಟಾಗ ಅವರು ಮುಟ್ಟಿಯೂ ನೋಡದೆ ಕೇಳಿದರು: “ಎರಡಕ್ಕೂ ಇರುವ ವ್ಯತ್ಯಾಸ ನಿಮ್ಮ ಮದ್ದು ಒಂದೇ ಅಲ್ವಾ ಸರ್? ಬೇರೆ ಎಂತದೂ ಇಲ್ಲ ಅಲ್ದಾ?”

“ಇಲ್ಲ” ಎಂದೆ.

ಬಿಲ್ಲೆಯಷ್ಟಗಲ ಕತ್ತರಿಸುವಾಗ ಮದ್ದಿಲ್ಲದ ಬಟ್ಟೆ ಕತ್ತರಿಯಡಿ ಕರಕರ ಎಂದಿತು. ಆ ಸದ್ದು ನನಗೆ ಈಗಲೂ ಕೇಳುತ್ತದೆ. ಆದರೆ ಆ ದಿನ ನಿಜವಾಗಿ ಕೇಳಿತ್ತೋ, ಆಮೇಲೆ ಗೊತ್ತಾದದ್ದು ಹಿಂದಕ್ಕೆ ಹೋಗಿ ಆ ಕತ್ತರಿಗೆ ಸದ್ದು ಕೊಟ್ಟಿತೋ ಹೇಳಲಾರೆ. ಕೇಳಿದ್ದೇ ಹೌದಾದರೆ, ಬೇರೆ ಯಾರ ಬಟ್ಟೆಯಾಗಿದ್ದರೂ ನಾನು ಕೆಲಸ ನಿಲ್ಲಿಸುತ್ತಿದ್ದೆ.

ಎರಡು ದಿನ ಬಿಟ್ಟು ಮೇಡಂ ಗಾಜಿನ ತಟ್ಟೆಗಳನ್ನು ತೋರಿಸಿದರು. ಮದ್ದಿಲ್ಲದ ಬಟ್ಟೆಯದ್ದರಲ್ಲಿ ರವೆ ಚೆಲ್ಲಿದಂತೆ ಬ್ಯಾಕ್ಟೀರಿಯಾದ ಚುಕ್ಕೆಗಳು, ಎಣಿಸಲು ಜಾಗವಿಲ್ಲ. ಮದ್ದಿನ ಬಟ್ಟೆಯದ್ದರಲ್ಲಿ ಅಲ್ಲೊಂದು ಇಲ್ಲೊಂದು. “ಚೆನ್ನಾಗಿದೆ” ಎಂದರು ಅವರು. “ಆದ್ರೆ ಹೊಸ ಬಟ್ಟೆಯಲ್ಲಿ ಇನ್ನೆರಡು ಸಲ ಮಾಡ್ಬೇಕ್. ಅಲ್ಲಿವರೆಗೆ ಯಾರಿಗೂ ಹೇಳೂದ್ ಬೇಡ ಸರ್.” ಖಂಡಿತ ಇಲ್ಲ ಎಂದೆ. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಲೆಕ್ಕಕ್ಕಿಲ್ಲ ಅಂದುಕೊಂಡಿದ್ದೆ.

ಆ ಭಾನುವಾರವೇ ಮಾವ ಬಂದರು. ಅಮ್ಮನ ಅಣ್ಣ, ಮುಂಬಯಿಯಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿ ಬ್ರಹ್ಮಾವರಕ್ಕೆ ಬಂದು ಮನೆ ಕಟ್ಟಿದವರು. ಸಕ್ಕರೆ ಕಾಯಿಲೆ. ಬಲಗಾಲಿನ ಎರಡನೇ ಬೆರಳಿನಲ್ಲಿ ಚಪ್ಪಲಿ ಕಚ್ಚಿ ಆದ ಗಾಯ ಎರಡು ತಿಂಗಳಾದರೂ ಮಾಯದೆ ಬೆರಳು ಬಣ್ಣಗೆಟ್ಟಿತ್ತು. ಬೆರಳನ್ನು ಈಗಲೇ ತೆಗೆಯಬೇಕು, ತಡ ಮಾಡಿದರೆ ಪಾದಕ್ಕೆ ಏರುತ್ತದೆ ಎಂದು ದೊಡ್ಡ ಆಸ್ಪತ್ರೆಯ ಡಾಕ್ಟರು ಹೇಳಿ ಕಳಿಸಿದ್ದರು.

“ಇವತ್ತ್ ಬೆರಳ್ ಕೊಟ್ರೆ ನಾಳೆ ಕಾಲ್ ಕೇಂತ್ರ್” ಎಂದರು ಮಾವ, ಕುರ್ಚಿಯಲ್ಲಿ ಕಾಲು ಚಾಚಿ. “ಬಿಲ್ಕುಲ್ ಕೊಡೂದಿಲ್ಲ. ಈ ಕಾಲ್ ಮೇಲೆ ನಿಂತ್ಕಂಡೇ ನಾನ್ ಹೋಟೆಲ್ ಕಟ್ಟಿದ್ದ್.”

“ಅಣ್ಣಾ, ಮಾಣಿ ಒಂದ್ ಬಟ್ಟೆ ಮಾಡಿದ್ದ. ಗಾಯದ್ ಹುಳವೆಲ್ಲ ಸಾಯ್ತಂಬ್ರ್” ಎಂದಳು ಅಮ್ಮ ಅಡುಗೆಮನೆಯಿಂದ.

ಮಾವ ನನ್ನತ್ತ ತಿರುಗಿದರು. “ಹೌದನಾ ಅಳಿಯಾ? ಅದೇ ಚಟ್ಲಿ ಪಂಚೆಯಾ?”

ನಂತರದ ಐದೋ ಹತ್ತೋ ನಿಮಿಷಗಳನ್ನೇ ನಾನು ಇಷ್ಟು ವರ್ಷ ಹುಡುಕುತ್ತಿರುವುದು. ಪರೀಕ್ಷೆಯಲ್ಲಿ ಉಳಿದ ಮದ್ದಿನ ಬಟ್ಟೆಯನ್ನು ಕಪಾಟಿನಿಂದ ತೆಗೆದವನು ನಾನು, ಇದರಲ್ಲಿ ಸಂಶಯವಿಲ್ಲ. ಉದ್ದುದ್ದ ಪಟ್ಟಿಗಳಾಗಿ ಹರಿದದ್ದೂ ನಾನೇ. ತಟ್ಟೆಗಳ ಬಗ್ಗೆ ಹೇಳಿದೆ. ರವೆಯ ಹೋಲಿಕೆಯನ್ನೂ ಕೊಟ್ಟೆ, ಮಾವ “ವಾಹ್” ಎಂದರು. ಅಷ್ಟು ಹೇಳಿದವನು ಕೊನೆಗೆ ‘ಇದು ಬರೀ ಬಟ್ಟೆ’ ಎಂದೆನೇ? ಮೂವತ್ತು ದಾಟಿದರೂ ಊರಿನಲ್ಲಿ ಬಾಳೆಕಂಬ ಹೊರುವವನೆಂದು ಹೆಸರಾಗಿದ್ದವನ ಎದುರು, ಮನೆಯ ದೊಡ್ಡ ಮನುಷ್ಯರು ಬಾಯಿ ತೆರೆದು ಕೇಳುತ್ತ ಕುಳಿತಿದ್ದಾಗ?

ಮುಂದಿನ ದಿನಗಳಲ್ಲಿ ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದೆ. “ಫಸ್ಟ್ ಕ್ಲಾಸ್ ಇತ್ತ್. ನೋವೇ ಇಲ್ಲೆ” ಎನ್ನುತ್ತಿದ್ದರು ಮಾವ. ಸಕ್ಕರೆ ಕಾಯಿಲೆಯವರ ಕಾಲಿಗೆ ನೋವು ಗೊತ್ತಾಗದಿರುವುದು ಒಳ್ಳೆಯ ಲಕ್ಷಣವಲ್ಲ ಎಂದು ನನಗೆ ಗೊತ್ತಿತ್ತು. ಜ್ವರ ಇದೆಯಾ ಎಂದು ಕೇಳಿದೆ, ಇಲ್ಲ ಎಂದರು. ಆಸ್ಪತ್ರೆಗೆ ಒಮ್ಮೆ ತೋರಿಸಿ ಎಂದರೆ, “ತೋರ್ಸುವ, ತೋರ್ಸುವ” ಎನ್ನುತ್ತಿದ್ದರು. ಫೋನು ಇಟ್ಟ ಮೇಲೆ ಎದೆ ಸ್ವಲ್ಪ ಹೊತ್ತು ಹಗುರವಾಗಿ, ಮತ್ತೆ ಮೊದಲಿನಂತಾಗುತ್ತಿತ್ತು. ಹೋಗಿ ಕಣ್ಣಾರೆ ನೋಡಬಹುದಿತ್ತು. ತ್ರಾಸಿಯಿಂದ ಬ್ರಹ್ಮಾವರ ಎಷ್ಟು ದೂರ? ಕೆಲಸವಿದೆ ಎಂದುಕೊಂಡು ಹೋಗಲಿಲ್ಲ. ಚೆನ್ನಾಗಿದೆ ಎಂಬ ಮಾತನ್ನು ಕಳೆದುಕೊಳ್ಳಲು ಮನಸ್ಸಿರಲಿಲ್ಲ ಎಂದು ಈಗ ಅನಿಸುತ್ತದೆ.

ಮೂರನೆಯ ವಾರವಿರಬೇಕು. ನೇಕಾರರಿಂದ ಹೊಸ ತುಂಡು ಬಂತು. ಮತ್ತೆ ಎರಡು ಪಾಲು ಮಾಡಿ ಒಂದನ್ನು ಅದ್ದಿಟ್ಟೆ. ಇನ್ನೊಂದನ್ನು ಕೈಯಲ್ಲಿ ಹಿಡಿದು ಅಮ್ಮ ಹಿತ್ತಿಲ ಬಾಗಿಲಲ್ಲಿ ನಿಂತಳು.

“ಇದ್ಕ್ ಹೋದ್ ಸಲದ ಹಾಂಗೇ ತೆಳಿ ಹಾಕ್ಕಾ, ಬೇಡದಾ?”

“ಹೋದ ಸಲ ಎಂತ?”

“ನೀನ್ ಒಂದಕ್ಕ್ ಹಾಕ್ದೆ ಅಲ್ದಾ ನಿನ್ನ ತೆಳಿ. ಇನ್ನೊಂದ್ ಪಾಪ ಹಳ್ದಿ ಹಳ್ದಿ, ಮುದ್ದೆಯಾಯ್ ಬಿದ್ದಿತ್ತ್. ಕಾಲೇಜಿಗ್ ಕೊಂಡ್ಹೋಪ್ ಬಟ್ಟೆ, ಹಾಂಗ್ ಕಳ್ಸುಕ್ ಆತ್ತಾ? ನಾನೇ ಒಗ್ದ್, ತೆಳಿ ಹಾಕಿ, ಒಣ್ಗ್ಸಿ, ಮಡ್ಸಿ ಇಟ್ಟಿದ್ದೆ.”

ನಾನು ಒಳಗೆ ಹೋಗಿ ಹಿಂದಿನ ಪರೀಕ್ಷೆಯಲ್ಲಿ ಉಳಿದ ಮದ್ದಿಲ್ಲದ ಬಟ್ಟೆಯ ಚೂರನ್ನು ಹುಡುಕಿ ತಂದೆ. ಗಾಯಕ್ಕೆ ಹಚ್ಚುವ ಅಯೋಡಿನ್ನಿನ ಸಣ್ಣ ಬಾಟಲಿ ಕಿಟಕಿಯಲ್ಲಿತ್ತು. ಗಂಜಿಯ ಅಂಶವಿದ್ದಲ್ಲಿ ಅಯೋಡಿನ್ ಬಿದ್ದರೆ ಕಪ್ಪುನೀಲಿಯಾಗುತ್ತದೆ. ಹೈಸ್ಕೂಲಿನ ಮಕ್ಕಳಿಗೂ ಗೊತ್ತು. ಒಂದು ಹನಿ ಬಿಟ್ಟೆ. ಚೂರಿನ ನಡುವೆ ಶಾಯಿ ಬಿದ್ದಂತೆ ಕಪ್ಪಾಗಿ, ಅಂಚಿನವರೆಗೂ ಹರಡಿತು.

“ಎಂತ ಆಯ್ತ್?” ಎಂದಳು ಅಮ್ಮ.

ಬ್ಯಾಕ್ಟೀರಿಯಾಗಳಿಗೆ ಗಂಜಿ ಎಂದರೆ ಊಟ. ಒಂದು ಬಟ್ಟೆಗೆ ಊಟ ಬಡಿಸಿ, ಇನ್ನೊಂದಕ್ಕೆ ಮದ್ದು ಹಾಕಿ, ಎರಡರ ನಡುವಿನ ಅಂತರವನ್ನೆಲ್ಲ ನನ್ನ ಮದ್ದಿನ ಗುಣವೆಂದು ಹೇಳಿಕೊಂಡು ತಿರುಗಿದ್ದೆ. ಮದ್ದಿಗೆ ಗುಣ ಇದ್ದರೂ ಇರಬಹುದು. ಎಷ್ಟು ಎಂದು ಆ ತಟ್ಟೆಗಳು ಹೇಳಲಾರವು. ಮಾವನ ಬೆರಳಿಗೆ ಮೂರು ವಾರದಿಂದ ಕಟ್ಟಿದ್ದು ಆ ಗೊತ್ತಿಲ್ಲದ ಗುಣ.

ಮೇಡಂಗೆ ಫೋನು ಮಾಡಿ ತೆಳಿಯ ವಿಷಯ ಹೇಳಿದೆ. “ನಾನ್ ಕೇಂಡಿದ್ದೆ ಅಲ್ದಾ ಸರ್” ಎಂದರು. ಆಮೇಲೆ, “ಯಾರಿಗಾದ್ರೂ ಹೇಳಿದ್ರಾ?”

“ಇಲ್ಲ.”

ಇಡೀ ಸಂಗತಿಯಲ್ಲಿ ನಾನು ಆಡಿದ ಮಾತುಗಳಲ್ಲಿ ಅಕ್ಷರಕ್ಕಕ್ಷರ ನೆನಪಿರುವುದು ಅದೊಂದೇ.

ನಾನು ಬ್ರಹ್ಮಾವರಕ್ಕೆ ಹೊರಟಾಗ ಅಮ್ಮ ಸೀರೆ ಬದಲಿಸಿ ಬಂದಳು. “ನಾನೂ ಬತ್ತೆ. ತೆಳಿ ಹಾಕಿದ್ದ್ ನಾನಲ್ದಾ.” ತಪ್ಪು ನಿನ್ನದಲ್ಲ ಎಂದು ನಾನು ಹೇಳಬೇಕಿತ್ತು. ಬಸ್ಸು ಹೆಮ್ಮಾಡಿ ದಾಟಿತು, ಸೇತುವೆ ದಾಟಿತು, ಹೇಳಲಿಲ್ಲ. ಕುಂದಾಪುರದಲ್ಲಿ ಡ್ರೈವರು ಇಳಿದು ಚಹಾ ಕುಡಿಯಲು ಹೋದ. ಅವನ ಗ್ಲಾಸು ಎಷ್ಟು ಹೊತ್ತಿಗೆ ಮುಗಿದೀತೆಂದು ಕಿಟಕಿಯಿಂದ ನೋಡುತ್ತಿದ್ದೆ. ಕಂಡಕ್ಟರು ಇನ್ನೂ “ಉಡ್ಪಿ, ಉಡ್ಪಿ” ಎಂದು ಕೂಗುತ್ತಿದ್ದ. ಅಮ್ಮ ಒಮ್ಮೆ ಮಾತ್ರ ಕೇಳಿದಳು: “ಬೆರಳ್ ಒಂದೇ ಹೋಪ್ದಲ್ದಾ? ಕಾಲ್ ಎಂತ ಆತ್ತಿಲ್ಲೆ ಅಲ್ದಾ?” ಗೊತ್ತಿಲ್ಲ ಎಂದೆ.

ಬ್ರಹ್ಮಾವರದ ಮನೆಯ ಹೊಸ್ತಿಲಲ್ಲೇ ಧೂಪದ ಹೊಗೆ ಮೂಗಿಗೆ ಹೊಡೆಯಿತು. ಮಧ್ಯಾಹ್ನ ಹನ್ನೆರಡು ಗಂಟೆಗೆ ಯಾರೂ ಧೂಪ ಹಾಕುವುದಿಲ್ಲ. ಮಾವ ಚಾವಡಿಯಲ್ಲಿ ಸ್ಟೂಲಿನ ಮೇಲೆ ಕಾಲಿಟ್ಟು ಕುಳಿತಿದ್ದರು. ನನ್ನ ಬಟ್ಟೆಯನ್ನು ಬಹಳ ನೀಟಾಗಿ ಸುತ್ತಿಕೊಂಡಿದ್ದರು.

“ಬಾ ಅಳಿಯಾ. ಎಂತ, ಇಬ್ರೂ ಒಟ್ಟಿಗೆ? ಊಟಕ್ಕ್ ಹೇಳ್ದೇ ಬಂದ್ರಲೆ.”

“ಮಾವ, ಅದ್ ಒಮ್ಮೆ ಬಿಚ್ಚಿ ಕಾಂಬ.”

“ಈಗ ಬೇಡ. ಸಂಜೆ ಬಿಚ್ಚೂದ್ ಹೇಂಗೂ ಇತ್ತಲ್ದಾ.”

ಅತ್ತೆ ಒಳಗಿನಿಂದ ಬಂದವರು ನೆಲದಲ್ಲಿ ಕುಳಿತು ಪಟ್ಟಿ ಬಿಚ್ಚತೊಡಗಿದರು. ಕೊನೆಯ ಸುತ್ತು ಅಂಟಿಕೊಂಡಿತ್ತು. ಎರಡನೇ ಬೆರಳು ಇದ್ದಿಲಿನಂತೆ ಕಪ್ಪಗಾಗಿತ್ತು. ಪಕ್ಕದ ಬೆರಳು ಊದಿ ಹೊಳೆಯುತ್ತಿತ್ತು. ಪಾದದ ಮೇಲೆ ಕೆಂಪು ಅರ್ಧದವರೆಗೂ ಏರಿತ್ತು. ವಾಸನೆಯನ್ನು ಧೂಪ ಮುಚ್ಚಲಿಲ್ಲ.

“ವಾಸ್ನೆ ಬತ್ತಾ ಇತ್ತ್ ಅಂದ್ ನಾನ್ ಒಂದ್ ವಾರದಿಂದ ಹೇಳ್ತಾ ಇದ್ದೆ” ಎಂದರು ಅತ್ತೆ. ಅವರ ದನಿ ಏರಿತು. “ನಿನ್ನ ಮಾವ ಎಂತ ಹೇಳ್ದ್ರ್ ಗೊತ್ತಿತ್ತಾ? ಅದ್ ಗಾಯದ್ದಲ್ಲ, ಚಟ್ಲಿದ್, ಮಾಣಿ ಅದ್ರಲ್ಲೇ ಮಾಡಿದ್ದ್ ಅಂದ್ರ್!”

ಬಟ್ಟೆಗೆ ಸಿಗಡಿಯ ವಾಸನೆ ಇರಲು ಸಾಧ್ಯವೇ ಇರಲಿಲ್ಲ. ಅಷ್ಟೆಲ್ಲ ಕುದಿಸಿ ತೊಳೆದ ಮೇಲೆ ಅದರಲ್ಲಿ ಸಿಗಡಿಯದು ಅನ್ನುವಂಥದ್ದೇನೂ ಉಳಿಯುವುದಿಲ್ಲ. ಇದನ್ನು ಕೊಡುವಾಗಲೇ ಹೇಳಿದ್ದರೆ? ಚಟ್ಲಿ ಪಂಚೆ ಎಂಬ ತಮಾಷೆಗೆ ನಾನೂ ನಕ್ಕು ಸುಮ್ಮನಾಗಿದ್ದೆ.

ನಿಂತಲ್ಲೇ ಎಲ್ಲ ಹೇಳಿದೆ. ತೆಳಿ, ತಟ್ಟೆ, ಅಯೋಡಿನ್. ಅಮ್ಮ ನಡುವೆ ನಡುವೆ “ತಪ್ಪ್ ನಂದ್ ಅಣ್ಣಾ” ಎನ್ನುತ್ತಿದ್ದಳು. ಮಾವ ಕಾಲನ್ನೇ ನೋಡುತ್ತ ಕೇಳಿದರು.

“ಅಂದ್ರೆ ಇಷ್ಟ್ ದಿನ ನಾನ್ ಕಟ್ಟಿದ್ದ್ ಬರೀ ಲಂಗೋಟಿ?”

ಯಾರೂ ನಗಲಿಲ್ಲ.

“ಬರೀ ಅಂತಲ್ಲ. ಸ್ವಲ್ಪ ಗುಣ ಇರ್ಬಹುದು. ಆದ್ರೆ ಇದಕ್ಕೆ ಸಾಕಾಗುವಷ್ಟಿಲ್ಲ. ಈಗ್ಲೇ ಹೊರಡ್ಕ್ ಮಾವ.”

“ಹೊರಡ್ದಿದ್ರೆ?”

“ಪಾದ ಹೋತ್ತ್. ಅಲ್ಲಿಗೂ ನಿಲ್ದೇ ಇರ್ಬಹುದು.”

ಬೆರಳನ್ನೂ ಬಿಡಲೊಪ್ಪದಿದ್ದವರು ಆಗ ಕೈ ಮುಂದೆ ಚಾಚಿದರು, ಎಬ್ಬಿಸು ಎಂದು. ನಾನು ಹಿಡಿದು ಎಬ್ಬಿಸಿದೆ. ಅತ್ತೆ ಕಾರಿಗೆ ಹೇಳಿಕಳಿಸಿದರು.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಕಾಲನ್ನು ನೋಡಿ ಮುಖ ಗಂಟಿಕ್ಕಿದರು. ಹಳೆಯ ಚೀಟಿಯನ್ನು ತಿರುಗಿಸಿ ತಿರುಗಿಸಿ ಓದಿದರು. “ಆವತ್ತೇ ಅಡ್ಮಿಟ್ ಆಗಿ ಅಂದಿದ್ದಾರಲ್ಲ. ಯಾಕೆ ಬರಲಿಲ್ಲ? ಯಾರಾದ್ರೂ ಬೇಡ ಅಂದ್ರಾ? ನಾಟಿ ಮದ್ದು ಏನಾದ್ರೂ ಮಾಡಿದ್ರಾ?”

ನಾನು ಬಾಯಿ ತೆರೆದಿದ್ದೆ. ತೆರೆದಿದ್ದೆ ಎಂದೇ ನನ್ನ ನೆನಪು.

“ಯಾರೂ ಬೇಡ ಅನ್ಲಿಲ್ಲ ಡಾಕ್ಟ್ರೇ” ಎಂದರು ಮಾವ. “ಹೆದ್ರಿಕೆ. ನಂದೇ.”

ಡಾಕ್ಟರು ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಂಡರು. ನಾನು ಮೇಜಿನ ಎದುರಿಗೇ ನಿಂತಿದ್ದೆ. ರೋಗಿ ತಾವಾಗಿಯೇ ತಡ ಮಾಡಿದ್ದಾರೆ ಎಂಬರ್ಥದ ಸಾಲನ್ನು ತಲೆಕೆಳಗಾಗಿ ಓದಿದೆ. ಬಟ್ಟೆಯ ಮಾತು ಅದರಲ್ಲಿ ಇರಲಿಲ್ಲ. ನಾನು ಬಾಯಿ ಮುಚ್ಚಿದೆ.

ಎರಡು ಬೆರಳು ತೆಗೆದರು. ಇನ್ನೆರಡು ದಿನ ಕಾದು ನೋಡಬೇಕು, ಕೆಂಪು ಇಳಿಯದಿದ್ದರೆ ಪಾದ ಎಂದರು. ಆ ಎರಡು ದಿನ ನಾನು, ಅಮ್ಮ, ಅತ್ತೆ ವಾರ್ಡಿನ ಹೊರಗಿನ ಬೆಂಚಿನಲ್ಲಿ ಪಾಳಿಯಂತೆ ಕೂತೆವು. ಅತ್ತೆ ನನ್ನೊಡನೆ ಮಾತಾಡಲಿಲ್ಲ. ಇಡ್ಲಿ ತಂದರೆ ತೆಗೆದುಕೊಂಡರು, ಅಷ್ಟೆ. ಎರಡನೆಯ ದಿನ ನರ್ಸು ಪೆನ್ನಿನಿಂದ ಪಾದದ ಮೇಲೆ ಎಳೆದಿದ್ದ ಗೆರೆಗಿಂತ ಕೆಂಪು ಒಂದು ಬೆರಳಗಲ ಕೆಳಗಿಳಿದಿತ್ತು. ಪಾದ ಉಳಿಯಿತು.

ಆಮೇಲೆ ಮೇಡಂ ಬಳಿ ಹೋಗಿ, ಯಾರಿಗೂ ಹೇಳಿಲ್ಲ ಎಂದದ್ದು ಸುಳ್ಳು ಎಂದು ಒಪ್ಪಿಕೊಂಡೆ. ಅವರು ಬೈಯಲಿಲ್ಲ. ತೆಳಿ ಸೋಕದ ಬಟ್ಟೆಯಲ್ಲಿ ಮತ್ತೆ ಮೂರು ಸಲ ಪರೀಕ್ಷೆ ಮಾಡಿಕೊಟ್ಟರು. ನನ್ನ ಬಟ್ಟೆಗೆ ಗುಣವಿತ್ತು, ಸಾಧಾರಣ ಗುಣ. ನಾಲ್ಕು ಸಲ ಒಗೆದ ಮೇಲೆ ಅದೂ ಇರಲಿಲ್ಲ. ಮಾವ ಪಟ್ಟಿಗಳನ್ನು ದಿನ ಬಿಟ್ಟು ದಿನ ಒಗೆಸಿ, ತಾವೇ ಕಟ್ಟಿಕೊಳ್ಳುತ್ತಿದ್ದರು ಎಂದು ಅತ್ತೆ ಹೇಳಿ ಗೊತ್ತಾಯಿತು. ಮುಂದಿನ ವರ್ಷ ಐಸ್ ಪ್ಲಾಂಟಿನ ಕೋಣೆ ಬಿಟ್ಟೆ.

ಎರಡು ಸಾವಿರದ ಹನ್ನೆರಡರ ಸುಮಾರಿಗೆ ಕುಂದಾಪುರದ ಒಂದು ಚಪ್ಪಲಿ ಅಂಗಡಿಗೆ ಮಾವನ ಜೊತೆ ಹೋಗಿದ್ದೆ. ಬೆರಳಿಲ್ಲದ ಜಾಗಕ್ಕೆ ಹತ್ತಿ ತುರುಕಿ ಶೂ ಹಾಕಿಕೊಳ್ಳುವುದು ಅವರಿಗೆ ರೂಢಿಯಾಗಿತ್ತು, ಬೇರೆಯವರು ನೋಡಿದರೆ ಸಂಕೋಚವಿರಲಿಲ್ಲ. ಅಂಗಡಿಯವನು ಒಳಗೆ ಹೋದಾಗ ಕೇಳಿಬಿಟ್ಟೆ.

“ಮಾವ, ಆ ದಿನ ಬಟ್ಟೆ ಕೊಡುವಾಗ ನಾನು ಎಂತ ಹೇಳ್ದೆ? ಡಾಕ್ಟ್ರ್ ಹತ್ರ ಹೋಗಿ ಅಂದ್ನಾ, ಹದ್ನೈದ್ ದಿನ ಕಾಂಬ ಅಂದ್ನಾ?”

ಮಾವ ಕಾಲುಚೀಲ ಎಳೆಯುತ್ತಿದ್ದವರು ತಲೆಯೆತ್ತಿದರು.

“ನಂಗ್ ನೆನಪಿಲ್ಲೆ ಮಾರಾಯ. ನಿಂಗ್ ಯಾವ್ದ್ ಬೇಕ್ ಹೇಳ್, ಅದನ್ನೇ ಹೇಳ್ತೆ.”

ಅವರು ತಮಾಷೆ ಮಾಡುತ್ತಿರಲಿಲ್ಲ. ಕಾಲುಚೀಲವನ್ನು ಅರ್ಧಕ್ಕೆ ಹಿಡಿದುಕೊಂಡು, ನಾನು ಹೇಳಲೆಂದು ಕಾದರು. ಅಂಗಡಿಯವನು ಎರಡು ಡಬ್ಬ ಹಿಡಿದು ಬರುವವರೆಗೂ ನನಗೆ ಹೇಳಲಾಗಲಿಲ್ಲ.